ಹಿತ್ತಲ ಎಲೆ

ನನಗೆ ಬರುವ ಕೆಲಸಗಳಲ್ಲಿ ಬೆಂಗಳೂರಿಗೆ ಬೇಡವಾದದ್ದು ಒಂದೇ, ಎಲೆ ಹಚ್ಚುವುದು. ಮುತ್ತುಗದ ಎಲೆಗಳನ್ನು ದುಂಡಗೆ ಜೋಡಿಸಿ, ಸಣ್ಣ ಕಡ್ಡಿಗಳಿಂದ ಚುಚ್ಚಿ ಹೊಲಿದು, ಕಲ್ಲಿನಡಿ ಒತ್ತಿಟ್ಟರೆ ಊಟದ ಎಲೆಯಾಗುತ್ತದೆ. ಚಿತ್ರದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ನಾನು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಿದ್ದೆ. ಮದುವೆಯಾಗಿ ಬಸವೇಶ್ವರನಗರಕ್ಕೆ ಬಂದ ಮೂವತ್ತೊಂದು ವರ್ಷಗಳಲ್ಲಿ ಒಂದು ಎಲೆಯನ್ನೂ ಹಚ್ಚಿರಲಿಲ್ಲ. ಹಬ್ಬಕ್ಕೆ ಬಾಳೆ ಎಲೆ ಸಿಗುತ್ತಿತ್ತು, ಉಳಿದ ದಿನಕ್ಕೆ ಸ್ಟೀಲ್ ತಟ್ಟೆಗಳಿದ್ದವು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಮ್ಮ ರಸ್ತೆಯ ಬೋರ್‌ವೆಲ್‌ಗಳೆಲ್ಲ ಬತ್ತಿದವು. ಟ್ಯಾಂಕರ್ ಬಂದರೆ ಸಾಕು, ಮೂವತ್ತು ವರ್ಷ ನಗುನಗುತ್ತಾ ಮಾತಾಡಿಕೊಂಡಿದ್ದವರು ಪೈಪಿಗಾಗಿ ಮುಖ ಕೆಡಿಸಿಕೊಂಡರು. ನಮ್ಮ ಮನೆಯ ನೀರಿನ ಸಂಪ್‌ಗೆ ದೇವರ ದಯೆಯಿಂದ ದಿನಕ್ಕೆ ನಾಲ್ಕು ಕೊಡ ನೀರಾದರೂ ಬರುತ್ತಿತ್ತು, ಪೂಜೆಗೂ ಕುಡಿಯುವುದಕ್ಕೂ ಸಾಲುತ್ತಿತ್ತು. ಆ ಬೇಸಿಗೆ ಮುಗಿದ ಮೇಲೆ ಎದುರುಮನೆಯ ಮೇಡಂ ಸುಮ್ಮನೆ ಕೂರಲಿಲ್ಲ. ಅವರು ನಿವೃತ್ತ ಟೀಚರು. ಬಡಾವಣೆಯವರನ್ನೆಲ್ಲ ಸೇರಿಸಿ ಪಾರ್ಕಿನ ಪಕ್ಕದ ಮೈದಾನದಲ್ಲಿ ಒಂದು ಭೂಮಿ ಹಬ್ಬ ಮಾಡುವುದೆಂದು ತೀರ್ಮಾನಿಸಿದರು. ಬೀಜ ಹಂಚುವುದು, ಹಸಿ ಕಸದಿಂದ ಗೊಬ್ಬರ ಮಾಡುವುದನ್ನು ತೋರಿಸುವುದು, ಸಿರಿಧಾನ್ಯದ ಅಡುಗೆ. ಜೊತೆಗೆ ಕಾಡಿನಲ್ಲಿ ಬಾಳಿದವರನ್ನು ಕರೆಸಿ ಅವರ ಮಾತು ಕೇಳುವುದು.

"ಏನ್ರೀ, ಪ್ಲಾಸ್ಟಿಕ್ ಒಂದ್ಚೂರೂ ಇರಬಾರ್ದು. ಊಟಕ್ಕೆ ಏನ್ಮಾಡೋಣ?" ಎಂದು ಅವರು ನಮ್ಮ ಗೇಟಿನ ಹತ್ತಿರ ನಿಂತು ಕೇಳಿದಾಗ, "ನಂಗೆ ಎಲೆ ಹಚ್ಚೋಕ್ಕೆ ಬರತ್ತೆ," ಎಂದುಬಿಟ್ಟೆ.

ಒಂದು ತಿಂಗಳು ನಮ್ಮ ಹಜಾರದ ತುಂಬ ಎಲೆ. ಸುಂಕದಕಟ್ಟೆಯಿಂದಾಚೆ ಮಾಗಡಿ ರಸ್ತೆಯಲ್ಲಿ ತೋಟವಿರುವ ಪರಿಚಯದವರು ಮೂಟೆಗಟ್ಟಲೆ ಕಳಿಸಿದರು. ಮಂಡಿ ನೋವಿನಿಂದ ನೆಲದಲ್ಲಿ ಕೂರಲಾಗದೆ ಕುರ್ಚಿಯ ಮೇಲೆ ಕುಳಿತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಹಚ್ಚಿದೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ.

"ಇದೇನೇ, ಮನೇನ ಛತ್ರ ಮಾಡಿಬಿಟ್ಯಲ್ಲೇ," ಎಂದರು ಯಜಮಾನರು.

"ಮಾಡಿದ್ರೇನು? ಛತ್ರದಲ್ಲಾದ್ರೆ ಟೈಮಿಗೆ ಕಾಫಿ ಸಿಗಲ್ಲ ನಿಮಗೆ," ಎಂದೆ.

ಅವರಿಗೂ ಒಳಗೊಳಗೇ ಖುಷಿಯಿತ್ತು. ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದುಕೊಡುತ್ತಿದ್ದರು. ನನ್ನ ಕೈಗೆ ಒಂದು ಸೇವೆ ಸಿಕ್ಕಿತೆಂದು ಆ ತಿಂಗಳು ಪೂಜೆಯಲ್ಲಿ ದಿನವೂ ಶಿವನಿಗೆ ಕೃತಜ್ಞತೆ ಹೇಳಿದೆ.

ಹಬ್ಬದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ನಾಲ್ವರು ಸೋಲಿಗ ಹೆಂಗಸರು ಬಂದರು. ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಉಳಿಸಿಕೊಳ್ಳುವುದೆಂದು ಮೇಡಂ ಮೊದಲೇ ಏರ್ಪಾಡು ಮಾಡಿದ್ದರು. ನಾಲ್ವರಲ್ಲಿ ಹಿರಿಯರು ನಮ್ಮ ಮನೆಗೆ ಬಂದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ತೆಳ್ಳಗಿನ ಮೈ, ನೀಲಿ ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ. ಬಾಗಿಲಲ್ಲೇ ನಿಂತು ನಮ್ಮ ದೇವರ ಕೋಣೆಯತ್ತ ನೋಡಿ ಕೈ ಮುಗಿದರು. ಆಮೇಲೆ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ಧೂಪ ಕನವ್ವ. ಮರದ್ದು. ನಿನ್ನ ದೇವ್ರಿಗೆ ಹಾಕು."

ಅಂಗಡಿಯ ಧೂಪದಂತಿರಲಿಲ್ಲ ಅದು. ಹಳದಿ ಕಲ್ಲುಸಕ್ಕರೆಯಂಥ ತುಂಡುಗಳು, ಮೂಸಿದರೆ ತಲೆಯೊಳಗೆ ತಂಪು ಇಳಿದಂತೆ. ನನಗೆ ಕಣ್ಣು ತುಂಬಿತು. ಅತಿಥಿಯಾಗಿ ಬಂದವರು ಮೊದಲು ದೇವರಿಗೆ ಕೊಟ್ಟರಲ್ಲ ಎಂದುಕೊಂಡೆ.

ಊಟಕ್ಕೆ ರಾಗಿ ಮುದ್ದೆ, ಅವರೆಕಾಳಿನ ಸಾರು, ಹುರುಳಿಕಾಯಿ ಪಲ್ಯ, ಅನ್ನ, ಮಜ್ಜಿಗೆ ಮಾಡಿದ್ದೆ. ಮೇಜಿನ ಹತ್ತಿರ ಕರೆದರೆ ಅವರು, "ನೆಲ್ವೇ ಸರಿ ಕನವ್ವ, ಕುರ್ಚಿ ಮೇಲೆ ಕುಂತ್ರೆ ಹೊಟ್ಟೆಗಿಳಿಯಾಕಿಲ್ಲ," ಎಂದು ನಕ್ಕರು. ಸರಿ, ಅವರಿಗೆ ಹೇಗೆ ಅನುಕೂಲವೋ ಹಾಗೆ ಎಂದು ಚಾಪೆ ಹಾಸಿದೆ. ನನ್ನ ಮಂಡಿ ಮಡಚುವುದಿಲ್ಲ, ಯಜಮಾನರಿಗೂ ಸೊಂಟ ನೋವು. ಹಾಗಾಗಿ ನಾವಿಬ್ಬರೂ ಮಗಳೂ ಮೇಜಿಗೇ ಕುಳಿತೆವು. ಒತ್ತಿಟ್ಟ ಎಲೆಗಳಲ್ಲಿ ಒಂದೂ ತೂತಿಲ್ಲದ, ಅಗಲವಾದ ಎಲೆಯನ್ನು ಬೆಳಿಗ್ಗೆಯೇ ಆರಿಸಿಟ್ಟಿದ್ದೆ. ಒಣಗಿದ ಎಲೆ ಬಿರಿಯಬಾರದೆಂದು ನೀರು ಚಿಮುಕಿಸಿ, ಒರೆಸಿ, ಅವರ ಮುಂದೆ ಹಾಕಿದೆ. ಇಡೀ ಹಬ್ಬದ ಮೊದಲನೆಯ ಎಲೆ ಅವರಿಗೇ ಸಲ್ಲಲಿ ಎಂಬ ಆಸೆ ನನಗೆ. ಮರುದಿನಕ್ಕೆ ಎಲೆ ಲೆಕ್ಕಕ್ಕೆ ಸರಿಯಾಗಿ ಇದ್ದುದರಿಂದ ನಮಗೆ ಮೂವರಿಗೂ ದಿನದ ಸ್ಟೀಲ್ ತಟ್ಟೆ.

ಅವರು ಎಲೆಯನ್ನು ನೋಡಿದರು. ಮೇಜಿನ ಮೇಲಿನ ಮೂರು ತಟ್ಟೆಗಳನ್ನು ನೋಡಿದರು. ಸೆರಗು ಸರಿಮಾಡಿಕೊಂಡು ಕುಳಿತರು. ಬಡಿಸುವ ಗಡಿಬಿಡಿಯಲ್ಲಿ ಆಗ ಆ ನೋಟಕ್ಕೆ ನಾನು ಏನೂ ಅರ್ಥ ಕಟ್ಟಲಿಲ್ಲ.

ಊಟದುದ್ದಕ್ಕೂ ಚೆನ್ನಾಗಿಯೇ ಮಾತಾಡಿದರು. ಯಜಮಾನರು ಕಾಡಿನ ನೆಲ್ಲಿಕಾಯಿ ಹೇಗಿದೆ ಎಂದು ಕೇಳಿದ್ದಕ್ಕೆ, "ಎಲ್ಲಿ ನೆಲ್ಲಿ ಸ್ವಾಮಿ? ಮರದ ತುಂಬ ಬಂದಣಿಕೆ. ಮೊದ್ಲು ನಾವು ತರಗಿಗೆ ಸಣ್ಣ ಬೆಂಕಿ ಹಾಕ್ತಿದ್ದೊ, ಕಾಡು ಚೊಕ್ಕಟವಾಗಿರೋದು. ಹಾಕ್ಬೇಡಿ ಅಂದ್ರು, ಬುಟ್ಟೊ. ಈಗ ಲಂಟಾನ ಆಳೆತ್ತರ ಬೆಳ್ದು ಕುಂತದೆ. ಮಳೆನೂ ಹೇಳ್ದಂಗೆ ಕೇಳಾಕಿಲ್ಲ," ಎಂದರು. ಬಂದಣಿಕೆ ಎಂದರೆ ಮರದ ಮೇಲೆಯೇ ಬೇರೂರಿ ಮರದ ಸತ್ತ್ವ ಹೀರುವ ಗಿಡ. "ಹಂಗಾದ್ರೆ ಅದು ನಮ್ಮಂಥವರ ಥರ," ಎಂದು ಯಜಮಾನರು ನಕ್ಕರು. ಅವರೂ ನಕ್ಕರು.

ಊಟವಾಯಿತು. ಅವರು ಎಲೆ ಮಡಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಂತರು.

"ಎಲ್ಲಿಗೆ ಹಾಕ್ಲವ್ವ?"

ನಮ್ಮಲ್ಲಿ ಉಂಡ ಅತಿಥಿ ಎಲೆ ಎತ್ತುವುದಿಲ್ಲ. ಮನೆಯವರು ಎತ್ತುತ್ತಾರೆ. ಬೀಗರಿರಲಿ, ಜಂಗಮರಿರಲಿ, ದೂರದ ನೆಂಟರಿರಲಿ, ಎಲೆಗೆ ಕೈ ಹಾಕಿದರೆ "ಛೆ, ಬಿಡಿ ಬಿಡಿ," ಎಂದು ನಾವೇ ಓಡುತ್ತೇವೆ. ಮೂವತ್ತೊಂದು ವರ್ಷ ಹಾಗೆ ಓಡಿದ ನಾನು ಅಂದು ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಕೈ ತೋರಿಸಿ ಹೇಳಿದೆ: "ಹಿತ್ತಲಲ್ಲಿ ಗೊಬ್ಬರದ ಡ್ರಮ್ಮಿದೆ ಅಮ್ಮ, ಅದಕ್ಕೆ ಹಾಕಿ. ಎಲೆ ಕೊಳೆತು ಗಿಡಕ್ಕೆ ಗೊಬ್ಬರ ಆಗತ್ತೆ."

ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಕಾಡಿನವರಿಗೆ ಎಲೆ ಕೊಳೆಯುತ್ತದೆಂದು ಪಾಠ ಹೇಳಿದೆ.

ಹಿತ್ತಲೆಂದರೆ ನಮ್ಮ ಮನೆಯ ಹಿಂದೆ ಬಟ್ಟೆ ಒಗೆಯುವ ಮೂರಡಿ ಜಾಗ. ಅವರು ಅಲ್ಲಿಗೆ ಹೋಗಿ ಎಲೆ ಹಾಕಿ ಬಂದರು. ಬರುವಾಗ ಅಂಗೈಯಲ್ಲಿ ನೀರು ಹಿಡಿದುಕೊಂಡು ಬಂದು, ಚಾಪೆ ಸರಿಸಿ, ತಾವು ಉಂಡ ಜಾಗವನ್ನು ಬಳಿದರು. ಕುಡಿದ ಲೋಟವನ್ನು ತಾವೇ ತೊಳೆದು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದರು, ಒಳಗೆ ತರಲಿಲ್ಲ. ಎಲ್ಲವನ್ನೂ ಹಳೆಯ ಪರಿಪಾಠದಂತೆ, ಸದ್ದಿಲ್ಲದೆ ಮಾಡಿದರು. ಆಮೇಲೆ ಮುಂದಿನ ಕೋಣೆಯಲ್ಲಿ ಸ್ವಲ್ಪ ಹೊತ್ತು ಒರಗಿದರು.

ಅಡುಗೆಮನೆಯಲ್ಲಿ ಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ, ಜೋರು ಮಾತಿನವಳಲ್ಲ.

"ಅಮ್ಮಾ, ಅವರಿಗ್ಯಾಕೆ ಎಲೆ, ನಮಗ್ಯಾಕೆ ತಟ್ಟೆ?"

"ಅದು ಮರ್ಯಾದೆಗೆ ಕಣೇ. ಎಲ್ಲಕ್ಕಿಂತ ಒಳ್ಳೇ ಎಲೆ ಅದು."

"ಅದು ನಿಂಗೆ ಗೊತ್ತು. ಅವರಿಗೆ ಹೇಗೆ ಗೊತ್ತಾಗ್ಬೇಕು? ನೆಲದಲ್ಲಿ ಕೂತ್ರು, ಎಲೇಲಿ ಉಂಡ್ರು, ಎಲೆ ಎತ್ತಿ ಹಿತ್ತಲಿಗೆ ಹಾಕಿದ್ರು. ನೀನು ಎದ್ದೂ ಏಳ್ಲಿಲ್ಲ."

ಸೌಟು ಕೆಳಗಿಟ್ಟೆ. ಆಗ ನೆನಪಾಯಿತು. ತವರುಮನೆಯಲ್ಲಿ ನಾನು ಹಚ್ಚುತ್ತಿದ್ದದ್ದು ಎರಡು ಜೋಡಣೆ. ತೂತಿಲ್ಲದ ಎಲೆಗಳು ಒಳಗಿನವರಿಗೆ. ಹುಳ ತಿಂದದ್ದು, ಅಂಚು ಹರಿದದ್ದು, ಸಣ್ಣದು ಬೇರೆ ಕಟ್ಟು. ಅದನ್ನು ಅವ್ವ ಹಿತ್ತಲ ಎಲೆ ಎನ್ನುತ್ತಿದ್ದಳು. ಹೊಲದ ಕೆಲಸಕ್ಕೆ ಬಂದವರು ಕೊಟ್ಟಿಗೆಯ ಮಗ್ಗುಲಲ್ಲಿ ಕುಳಿತು ಅದರಲ್ಲಿ ಉಣ್ಣುತ್ತಿದ್ದರು. ಉಂಡು ತಾವೇ ಎಲೆ ಎತ್ತಿ, ಜಾಗ ಬಳಿದು ಹೋಗುತ್ತಿದ್ದರು. "ಇದು ಹಿತ್ತಲಿಗೆ ಸಾಕು, ಆ ಕಟ್ಟಿಗೆ ಹಾಕು," ಎಂದು ಅವ್ವ ಹೇಳಿದಂತೆಲ್ಲ ಏಳು ವರ್ಷದ ನಾನು ಎಲೆ ವಿಂಗಡಿಸುತ್ತಿದ್ದೆ. ಬೆರಳುಗಳು ಏನನ್ನೂ ಮರೆತಿಲ್ಲ ಎಂದು ಹಿಗ್ಗಿದ್ದೆನಲ್ಲ, ನಿಜವಾಗಿಯೂ ಅವು ಏನನ್ನೂ ಮರೆತಿರಲಿಲ್ಲ.

ಸಂಜೆ ನನ್ನ ತಟ್ಟೆಯನ್ನೇ ತೊಳೆದು ಅವರಿಗೆ ಬಡಿಸಲು ಹೋದೆ. ಮದುವೆಯಲ್ಲಿ ತವರಿನವರು ಹೆಸರು ಕೊರೆಸಿ ಕೊಟ್ಟ ತಟ್ಟೆ ಅದು. ಅವರು ಕೈ ಅಡ್ಡ ಹಿಡಿದರು.

"ಹಸ್ವಿಲ್ಲ ಕನವ್ವ. ಮಧ್ಯಾನ್ನದ್ದೇ ಜಾಸ್ತಿ ಆಯ್ತು. ಒಂದು ಬಾಳೆಹಣ್ಣು ಕೊಡು, ಸಾಕು."

ಬಾಳೆಹಣ್ಣು ತಿನ್ನಲು ಎಲೆಯೂ ಬೇಡ, ತಟ್ಟೆಯೂ ಬೇಡ. ನೀರು ಬೇಕಾದಾಗ ಅವರು ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ಬೋರಲು ಹಾಕಿದ್ದ ಅದೇ ಲೋಟವನ್ನು ತಂದರು. "ಅಮ್ಮ, ಒಳಗೇ ಬೇರೆ ಲೋಟ ಇದೆ," ಎಂದೆ. "ಇದ್ಕೇನಾಗದೆ ಬುಡವ್ವ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲು ಹಿಡಿಯಬಹುದಿತ್ತು.

ಬೆಳಿಗ್ಗೆ ಎಂದಿನಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತೆ. ನಮಗೆ ದೀಕ್ಷೆಯ ದಿನವೇ ಹೇಳಿಕೊಡುತ್ತಾರೆ, ಲಿಂಗ ಕಟ್ಟಿಕೊಂಡವರಿಗೆ ಸೂತಕಗಳಿಲ್ಲ, ಎಂಜಲಿನ ಸೂತಕವಿಲ್ಲ, ಜಾತಿಯ ಸೂತಕವಿಲ್ಲ ಎಂದು. ಎಷ್ಟೋ ಸಲ ನಾನೇ ಅದನ್ನು ಮಗಳಿಗೆ ಹೇಳಿದ್ದೆ, ಹೆಮ್ಮೆಯಿಂದ. ಅವರು ಕೊಟ್ಟ ಧೂಪದ ಒಂದು ತುಂಡನ್ನು ಕೆಂಡಕ್ಕೆ ಹಾಕಿದೆ. ಮನೆಯೆಲ್ಲ ಕಾಡಿನ ವಾಸನೆ. ಏನು ಬೇಡಬೇಕೆಂದು ತೋಚದೆ, ಮಧ್ಯಾಹ್ನ ಅವರು ಹೊರಡುವ ಮುಂಚೆ ಒಂದು ತುತ್ತನ್ನಾದರೂ ನನ್ನ ತಟ್ಟೆಯಲ್ಲಿ ಉಣ್ಣುವಂತೆ ಮಾಡು ಎಂದಷ್ಟೇ ಕೇಳಿಕೊಂಡೆ. ಅವರು ಆಗಲೇ ಸ್ನಾನ ಮುಗಿಸಿ, ಚೀಲ ಹಿಡಿದು ಬಾಗಿಲಲ್ಲಿ ಕುಳಿತಿದ್ದರು. ತಿಂಡಿ ಮೈದಾನದಲ್ಲೇ ಎಂದು ಮೇಡಂ ಹೇಳಿಕಳಿಸಿದ್ದರು.

ಹಬ್ಬ ಚೆನ್ನಾಗಿ ನಡೆಯಿತು. ವಿಜಯನಗರ, ನಂದಿನಿ ಲೇಔಟ್‌ನಿಂದಲೂ ಜನ ಬಂದಿದ್ದರು. ಮಕ್ಕಳು ಬಟ್ಟೆ ಚೀಲಗಳ ಮೇಲೆ ಚಿತ್ರ ಬರೆದರು. ನವಣೆ ಬಿಸಿಬೇಳೆಬಾತ್ ಬೇಗನೇ ಖಾಲಿಯಾಯಿತು. ನಾನು ಹಚ್ಚಿದ ಎಲೆಗಳ ಫೋಟೋ ತೆಗೆದವರೇ ತೆಗೆದವರು. "ಆಂಟಿ, ನಂಗೂ ಹೇಳ್ಕೊಡಿ," ಎಂದು ಹುಡುಗಿಯರು ಸುತ್ತುವರಿದರು. ಹಿಂದಿನ ದಿನವಾಗಿದ್ದರೆ ನೆಲ ಬಿಟ್ಟು ಹಾರುತ್ತಿದ್ದೆ.

ವೇದಿಕೆಯ ಮೇಲೆ ನಾಲ್ವರನ್ನೂ ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಮೈಕು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸಿದರು. ಜೇನು, ಗೆಡ್ಡೆ, ಮಳೆಯ ಮಾತಾಯಿತು. ಕೊನೆಗೆ ನಮ್ಮ ಮನೆಯ ಅತಿಥಿಯ ಹತ್ತಿರ ಬಂದು, "ಅಜ್ಜಿ, ಪ್ಲಾಸ್ಟಿಕ್ ಬಿಟ್ಟು ಎಲೇಲಿ ಊಟ ಮಾಡೋದನ್ನ ನಾವು ನಿಮ್ಮಿಂದ ಕಲೀಬೇಕು, ಅಲ್ವಾ?" ಎಂದು ಕೇಳಿದರು.

ಅವರು ಮೈಕನ್ನು ಕೈಗೆ ತೆಗೆದುಕೊಂಡರು.

"ಎಲೆ ಒಳ್ಳೇದು ಕನವ್ವ," ಎಂದರು. "ನಮ್ಮವ್ವ ಕಾಫಿ ತೋಟದ ಕೂಲಿಗೆ ಹೋಗ್ತಿದ್ಲು, ನಾನೂ ಹೋಗ್ತಿದ್ದೆ. ತೋಟದ ಮನೆ ಹಿತ್ತಲಲ್ಲಿ ಎಲೆ ಹಾಕೋರು. ಉಂಡ್ಬುಟ್ಟು ನಾವೇ ಎಲೆ ಎತ್ಬೇಕು, ಕುಂತಿದ್ದ ಜಾಗ ಬಳೀಬೇಕು. ಆಮೇಲೆ ಒಂದಿನ ನಮ್ಮವ್ವ ಸಂತೇಲಿ ಒಂದು ತಟ್ಟೆ ತಂದ್ಲು. ಅವತ್ತು ಅದ್ರಲ್ಲಿ ಉಣ್ಣಲೇ ಇಲ್ಲ ಅವ್ಳು. ಸೆರಗಲ್ಲಿ ಒರೆಸ್ಕಂಡು ಪೋಡಿನ ಎಲ್ಲಾರ ಮನೆಗೂ ತೋರ್ಸ್ಕಂಡು ಬಂದ್ಲು. ನಮಗದೇ ಹಬ್ಬ."

ಪೋಡೆಂದರೆ ಅವರ ಹಾಡಿ. ಮೇಡಂ ಮುಂದಿನ ಮಾತಿಗೆ ಕಾದರು. ಅವರು, "ಅಷ್ಟೇ ಕನವ್ವ," ಎಂದು ಮೈಕನ್ನು ಹಿಂದಕ್ಕೆ ಕೊಟ್ಟರು.

"ನೋಡಿದ್ರಾ, ಎಂಥಾ ಸರಳ ಬದುಕು. ಒಂದು ತಟ್ಟೆಯಲ್ಲೇ ತೃಪ್ತಿ," ಎಂದು ಮೇಡಂ ಜನರತ್ತ ತಿರುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮಗಳು ತಟ್ಟಲಿಲ್ಲ, ನೆಲ ನೋಡುತ್ತಿದ್ದಳು. ಆ ಅಮ್ಮ ಮಾತಿನುದ್ದಕ್ಕೂ ಒಂದು ಸಲವೂ ನನ್ನ ಕಡೆ ನೋಡಲಿಲ್ಲ. ನನ್ನನ್ನು ನೋಯಿಸಬಾರದೆಂದೇ ನೋಡಲಿಲ್ಲವೋ, ಅವರ ಮನಸ್ಸಿನಲ್ಲಿ ನಾನು ಇರಲೇ ಇಲ್ಲವೋ, ಇಂದಿಗೂ ಗೊತ್ತಿಲ್ಲ.

ಮೈದಾನದಲ್ಲಿ ಎಲ್ಲರ ಜೊತೆ ಎಲೆಯಲ್ಲಿ ಅವರ ಊಟವಾಗುತ್ತಿದ್ದಾಗ ನಾನು ಮನೆಗೆ ಹೋದೆ. ಎರಡೇ ರಸ್ತೆ ದೂರವಾದರೂ ಈ ಮಂಡಿಗೆ ಅದು ದೂರವೇ. ನನ್ನ ತಟ್ಟೆಗೆ ಬೆಳಿಗ್ಗೆ ಮಾಡಿಟ್ಟಿದ್ದ ಶಾವಿಗೆ ಪಾಯಸ ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಬಂದೆ. ಅವರನ್ನು ಕರೆದೊಯ್ಯುವ ವ್ಯಾನಿನ ಬಾಗಿಲು ಆಗಲೇ ತೆಗೆದಿತ್ತು.

"ಅಮ್ಮ, ಒಂದು ತುತ್ತು ಪಾಯಸ. ನನ್ನ ತಟ್ಟೇಲಿ."

ಅವರು ತಟ್ಟೆಯನ್ನು ನೋಡಿದರು. ಅಂಚಿನಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳು ಸವರಿದರು. "ಉಂಡಾಯ್ತಲ್ಲವ್ವ," ಎಂದರು.

"ಹಂಗಾದ್ರೆ ತಟ್ಟೆ ತಗೊಂಡ್ಹೋಗಿ ಅಮ್ಮ, ನಿಮಗೇ ಇರ್ಲಿ."

"ನಂಗೂ ಅದೆ ಕನವ್ವ, ಮನೇಲಿ ತಟ್ಟೆ," ಎಂದು ನಕ್ಕರು. "ನಾನೂ ಹೆಸ್ರು ಬರ್ಸಿವ್ನಿ."

ಅವರು ಹೇಳಿದ್ದು ಅಷ್ಟೇ. ತಪ್ಪಾಯಿತೆಂದು ಹೇಳಲು ಬಾಯಿ ತೆರೆದೆ. ಸುತ್ತ ಜನ ಫೋಟೋಕ್ಕೆ ನಿಂತಿದ್ದರು, ಯಾರೋ ನನ್ನನ್ನು ಪಕ್ಕಕ್ಕೆ ಸರಿಯಿರಿ ಎಂದರು. ವ್ಯಾನು ಹೊರಟಿತು. ಆ ಪಾಯಸವನ್ನು ನಾನು ತಿನ್ನಲಿಲ್ಲ, ಮಗಳೂ ತಿನ್ನಲಿಲ್ಲ. ಯಜಮಾನರು, "ಶಿವನ ಪ್ರಸಾದ, ಚೆಲ್ಲಬಾರ್ದು," ಎಂದು ತಿಂದು ಮುಗಿಸಿದರು.

ವರ್ಷವಿಡೀ ಕಾದೆ. ಈ ಸಲದ ಹಬ್ಬಕ್ಕೂ ಆ ಅಮ್ಮ ಬರುತ್ತಾರೆಂದು ತಿಳಿದ ದಿನ ಎಷ್ಟು ಸಮಾಧಾನವಾಯಿತೆಂದರೆ, ಹೂವಿನವಳ ಹತ್ತಿರ ಎರಡು ಮೊಳ ಜಾಸ್ತಿ ಕೊಂಡೆ. ಮುಂದಿನ ಕೋಣೆಯಲ್ಲಿ ಹೊಸ ಹಾಸಿಗೆ ಹಾಸಿದೆ. ಕೆಳಗೆ ಕೂರುವುದನ್ನು ಒಂದು ತಿಂಗಳಿಂದ ಅಭ್ಯಾಸ ಮಾಡಿಕೊಂಡಿದ್ದೆ, ಮಂಡಿಗೆ ಎಣ್ಣೆ ಹಾಕಿ, ಗೋಡೆ ಹಿಡಿದು. ಅವರ ಎದುರು ನೆಲದಲ್ಲೇ ಕೂತು, ಇಬ್ಬರಿಗೂ ಒಂದೇ ಬಗೆಯ ತಟ್ಟೆಯಲ್ಲಿ ಬಡಿಸಿಕೊಂಡು ಉಣ್ಣಬೇಕೆಂದಿದ್ದೆ.

ಹಿಂದಿನ ದಿನ ಮೇಡಂ ಗೇಟಿನ ಹತ್ತಿರ ಬಂದರು. "ಈ ಸಲ ಅವರು ಯಾರ ಮನೇನೂ ಬೇಡ ಅಂದ್ರಂತೆ ಕಣ್ರೀ. ಸಮುದಾಯ ಭವನದಲ್ಲೇ ಮಲಗ್ತಾರಂತೆ. ಒಳ್ಳೇದೇ ಆಯ್ತು, ನಿಮಗೂ ತಾಪತ್ರಯ ತಪ್ತು."

"ನಾಲ್ಕೂ ಜನಾನಾ?" ಎಂದೆ.

"ನಾಲ್ಕೂ ಜನ."

ಬೇರೆ ಮೂರು ಮನೆಗಳಲ್ಲಿ ಏನಾಗಿತ್ತೋ ನನಗೆ ತಿಳಿಯದು. ನಮ್ಮ ಮನೆಯದು ಗೊತ್ತು. ಒಳಗೆ ಬಂದು ಹಾಸಿಗೆ ಸುತ್ತಿಟ್ಟೆ.

ಮರುದಿನ ಸಮುದಾಯ ಭವನದ ಪಂಕ್ತಿಯಲ್ಲಿ ಎಲೆ ಎತ್ತುವ ಕೆಲಸ ನನಗೇ ಇರಲಿ ಎಂದು ಕೇಳಿ ಪಡೆದೆ. ಬಡಿಸುವವರು ನಕ್ಕರು. "ಹಚ್ಚೋರೂ ನೀವೇ, ಎತ್ತೋರೂ ನೀವೇನಾ? ಮಂಡಿ ನೋವು ಅಂತೀರಿ, ಸುಮ್ನೆ ಕೂತ್ಕೊಳಿ ಆಂಟಿ." ನಾನು ಸೊಂಟಕ್ಕೆ ಸೆರಗು ಸಿಗಿಸಿದೆ. ಆ ಅಮ್ಮ ಎರಡನೆಯ ಸಾಲಿನಲ್ಲಿ ಕುಳಿತಿದ್ದರು, ಅದೇ ನೀಲಿ ಸೀರೆ, ಇನ್ನಷ್ಟು ಸೊರಗಿದ ಮೈ. ಅವರಿದ್ದ ಕಡೆಯಿಂದಲೇ ಎತ್ತುತ್ತಾ ಬರೋಣವೆಂದು ಆ ತುದಿಯಲ್ಲಿ ಬುಟ್ಟಿ ಹಿಡಿದು ನಿಂತೆ. ಮಜ್ಜಿಗೆ ಮುಗಿಯಿತು. ಬಾಗಿ ಅವರ ಎಲೆಗೆ ಕೈ ಹಾಕಿದೆ. ಅವರ ಕೈ ಆಗಲೇ ಎಲೆಯ ಮೇಲಿತ್ತು.

"ಕೊಡಿ ಅಮ್ಮ, ನಾನು ಎತ್ತೀನಿ."

ತಲೆಯೆತ್ತಿ ನೋಡಿದರು. ಗುರುತು ಹಿಡಿದರು. "ನೀನಾ ಕನವ್ವ. ಮಂಡಿ ಹೆಂಗದೆ?"

"ಪರವಾಗಿಲ್ಲ ಅಮ್ಮ. ಎಲೆ ಕೊಡಿ. ಹೋದ ಸಲ ನನ್ನಿಂದ ತಪ್ಪಾಯ್ತು."

"ಏನ್ ತಪ್ಪು ಬುಡವ್ವ. ನನ್ನೆಲೆ ನಾನೇ ಎತ್ತಿ ರೂಢಿ." ಎಲೆ ಮಡಚಿ ಎದ್ದು, ಸೊಂಟದ ಗಂಟಿನಿಂದ ಒಂದು ಪೊಟ್ಟಣ ತೆಗೆದು ನನ್ನ ಬುಟ್ಟಿಯ ಅಂಚಿಗಿಟ್ಟರು. "ಧೂಪ. ನಿನ್ನ ದೇವ್ರಿಗೆ. ಹೋದ್ಸಲದ್ದು ಮುಗ್ದೋಗಿರ್ತದೆ."

ಮುಗಿದಿರಲಿಲ್ಲ. ಆ ಬೆಳಿಗ್ಗೆಯ ನಂತರ ಅದನ್ನು ಹಾಕಲು ನನಗೆ ಕೈ ಬಂದಿರಲಿಲ್ಲ. ಅವರು ಎಲೆ ಹಿಡಿದು ಸುತ್ತ ನೋಡಿದರು.

"ಎಲ್ಲಿಗೆ ಹಾಕ್ಲವ್ವ?"

ದೂರದಿಂದ ಯಾರೋ ಗೊಬ್ಬರದ ಡ್ರಮ್ಮಿನ ಕಡೆ ಕೈ ತೋರಿಸಿದರು. ಅವರು ಅತ್ತ ನಡೆದುಹೋದರು.

ಅವರು ಮತ್ತೆ ಬಂದರು, ನನ್ನ ಮಂಡಿಯನ್ನು ನೆನಪಿಟ್ಟುಕೊಂಡಿದ್ದರು, ನನ್ನ ದೇವರನ್ನು ಮರೆಯಲಿಲ್ಲ. ಸಿಕ್ಕ ಇಷ್ಟನ್ನು ಇಲ್ಲವೆನ್ನುವ ಹಾಗಿಲ್ಲ. ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಸಾಲಿನ ಉಳಿದ ಎಲೆಗಳನ್ನು ಒಂದೊಂದಾಗಿ ಎತ್ತುತ್ತಾ ಹೋದೆ. ಎಲ್ಲ ಎತ್ತಿದ ಮೇಲೆ ನೆಲ ಒರೆಸಲು ಬಟ್ಟೆ ತಂದು, ಮತ್ತೆ ಅದೇ ತುದಿಗೆ ಬಂದು ಬಾಗಿದೆ. ಅವರು ಕುಳಿತಿದ್ದ ಜಾಗ ಒದ್ದೆಯಾಗಿತ್ತು. ಅಷ್ಟರಲ್ಲೇ ಬಂದು ತಾವೇ ಬಳಿದು ಹೋಗಿದ್ದರು.